ವ್ರತದ ಹಾಲು

“ಇನ್ನೂ ಎಷ್ಟೊತ್ತು ನಿಂತಿರ್ತೀರಿ? ಕೂಡಬಾರದೇನು?”

ಗಂಗೂಬಾಯಿ ಅಜ್ಜಿ ಕೇಳಿದ್ದು ಸ್ಪಷ್ಟವಾಗಿತ್ತು. ಆದರೆ ಪಡಸಾಲೆಯಲ್ಲಿ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಮೊಮ್ಮಗಳು ಮಂದಾಕಿನಿ ನೀರಿನ ತಂಬಿಗೆ ಹಿಡಿದು ನಿಂತಲ್ಲೇ ನಿಂತುಬಿಟ್ಟಳು.

ಅದು ೨೦೦೯ರ ಅಕ್ಟೋಬರ್ ತಿಂಗಳ ಒಂದು ನಡುಮಧ್ಯಾಹ್ನ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯ ಆ ಹಳೆಯ ಮನೆಗೆ, ಪೂರ್ವದಲ್ಲಿ ಆರಂತಸ್ತಿನ ಅಪಾರ್ಟ್‌ಮೆಂಟ್ ಎದ್ದ ಮೇಲೆ ಬಿಸಿಲೇ ಅಪರೂಪವಾಗಿತ್ತು. ಮಧ್ಯಾಹ್ನ ಮಾತ್ರ ದಕ್ಷಿಣದ ಗವಾಕ್ಷಿಯ ಜಾಳಿಗೆಯಿಂದ ಒಂದು ತುಂಡು ಬೆಳಕು ಇಳಿದು ಬೆತ್ತದ ಕುರ್ಚಿಯ ಮೇಲೆ ಕೂರುತ್ತಿತ್ತು. ಆರು ವರ್ಷದ ಹಿಂದೆ ತೀರಿಹೋದ ಅಜ್ಜ ಹಣಮಂತರಾಯರ ಕುರ್ಚಿ ಅದು.

ಅಜ್ಜಿ ನೋಡುತ್ತಿದ್ದುದು ಆ ಕುರ್ಚಿಯನ್ನೇ. ನಗುತ್ತಿದ್ದರು... ಹೊಸ ಮದುವಣಗಿತ್ತಿಯ ಹಾಗೆ!

ಅಷ್ಟರಲ್ಲಿ ಬೀದಿಬಾಗಿಲಿನಿಂದ ಒಬ್ಬ ಯುವಕ ಒಳಗೆ ಬಂದ. ಕೈಯಲ್ಲಿ ಬ್ಯಾಗು, ಗದ್ದಕ್ಕೆ ಜಾರಿಸಿದ ಮಾಸ್ಕು. ಹೊರಗಿನ ಬೆಳಕಿನಿಂದ ಬಂದವನಿಗೆ ಒಳಗೆ ಕಂಡದ್ದು ಬೆಳಗುತ್ತಿದ್ದ ಆ ಕುರ್ಚಿ ಒಂದೇ. ಸೀದಾ ಹೋಗಿ ಕೂರಲು ಬಗ್ಗಿದ.

“ಏ ಏ ಏ! ಅಲ್ಲಿ ಬ್ಯಾಡೋ! ಅವರ ತೊಡಿ ಮ್ಯಾಲೆ ಕೂಡ್ತೀಯೇನು?”

ಅಜ್ಜಿಯ ಕೂಗಿಗೆ ಅವನು ಚಂಗನೆ ಎದ್ದ. ಮಂದಾಕಿನಿಯ ಕೈಯಿಂದ ತಂಬಿಗೆ ಜಾರಿ ಢಣ್ಣೆಂದಿತು. ನೀರು ಹರಿದು ಅವನ ಪಾದದವರೆಗೂ ಹೋಯಿತು.

ಅವನು ಅಜ್ಜಿಯನ್ನು ನೋಡಿದ. ಮಂದಾಕಿನಿಯನ್ನು ನೋಡಿದ. ಆಮೇಲೆ ಖಾಲಿ ಕುರ್ಚಿಯ ಕಡೆ ತಿರುಗಿ, ತೀರ ಗಂಭೀರವಾಗಿ ಕೈ ಮುಗಿದ.

“ತಪ್ಪಾತ್ರೀ ರಾಯರ. ನೀವು ಕುಂತದ್ದು ನೋಡಲಿಲ್ಲ.”

ಅಜ್ಜಿಗೆ ಸಮಾಧಾನವಾಯಿತು. ಮಂದಾಕಿನಿಯ ಎದೆಯಲ್ಲಿ ಮಾತ್ರ ಏನೋ ಸರಕ್ಕೆಂದು ಜಾಗ ಬದಲಿಸಿತು.

‘ಯಾರು ಇವನು... ಸತ್ತವರಿಗೂ ಮರ್ಯಾದೆ ಕೊಡುವವನು!’

ಅವನೇ ಡಾಕ್ಟರ್ ದತ್ತಾತ್ರೇಯ. ರಾಯಚೂರಿನ ಕಡೆಯವನು, ಅಬಿಡ್ಸ್ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ. ಆಗಸ್ಟ್‌ನಲ್ಲಿ ಊರಿಗೆ ಊರೇ ಹಂದಿಜ್ವರಕ್ಕೆ ಹೆದರಿ ನಡುಗುತ್ತಿದ್ದಾಗ ಅಜ್ಜಿಗೂ ಜ್ವರ ಬಂದಿತ್ತು. ಮಂದಾಕಿನಿಯ ತಂದೆ ಶ್ರೀನಿವಾಸರಾಯರು ತಾಯಿಯನ್ನು ಕರೆದೊಯ್ದಿದ್ದು ಇವನ ಹತ್ತಿರವೇ. ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಬಿಸಿಲು ಕಾಣದ ಮೈಯಲ್ಲಿ ಡಿ ವಿಟಮಿನ್ ಮಾತ್ರ ತಳ ಕಂಡಿತ್ತು. ಅದಕ್ಕೆಂದು ಅವನು ಕ್ಯಾಲ್ಸಿಯಂ ಗುಳಿಗೆಯ ಜೊತೆಗೆ ಒಂದು ಸಿಹಿ ಪುಡಿಯ ಪೊಟ್ಟಣ ಬರೆದುಕೊಟ್ಟಿದ್ದ. ಏಳು ದಿನಕ್ಕೊಂದು, ಹಾಲಿನಲ್ಲಿ. ಎರಡು ತಿಂಗಳು, ಅಷ್ಟೇ.

ಈಗ ಅಜ್ಜಿಗೆ ಊಟ ಸೇರದು, ನೀರಡಿಕೆ ನಿಲ್ಲದು. ಅದಕ್ಕೇ ರಾಯರು ಅವನನ್ನು ಮನೆಗೇ ಕರೆಸಿದ್ದರು.

ನಾಡಿ ನೋಡಿ, ಕಣ್ಣು ನೋಡಿ, “ವಯಸ್ಸು, ಮತ್ತ ನೆನಪು,” ಎಂದ ದತ್ತಾತ್ರೇಯ. “ಪುಡಿ ನಿಲ್ಲಿಸೀರಿ ಅಲ್ರೀ?”

“ನಿಲ್ಲಸೋದಾ!” ರಾಯರು ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದ ಚೂರುಗಳ ಕಟ್ಟನ್ನೇ ತಂದರು. “ಆ ಪುಡಿಯಿಂದನೇ ಅವ್ವನ ಜ್ವರಾ ಓಡಿಹೋದದ್ದು. ಡಿ ವಿಟಮಿನ್ ಇದ್ದವರ ಹತ್ರ ವೈರಸ್ ಸುಳಿಯೂದೇ ಇಲ್ಲಂತ. ದೊಡ್ಡ ದೊಡ್ಡ ಸೈಂಟಿಸ್ಟ್‌ಗಳು ಬರದಾರ, ನೋಡ್ರಿ.”

“ಬರದಾರ್ರಿ. ಇಲ್ಲ ಅಂತನೂ ಅಷ್ಟ ದೊಡ್ಡವರು ಬರದಾರ. ಮೈಯಾಗ ಕಡಿಮಿ ಇದ್ದವರಿಗೆ ಚಲೋನ ಆಗ್ತೈತಿ. ಆದ್ರ ಜ್ವರಕ್ಕ ಇದು ಔಷಧ ಅನ್ನಾಕ ಪುರಾವೆ ಇನ್ನೂ ಯಾರ ಕೈಯಾಗೂ ಇಲ್ಲ.”

“ನಿಮಗೇನನಸ್ತದ, ಅದು ಹೇಳ್ರಿ.”

“ನನಗ ಗೊತ್ತಿಲ್ರಿ.”

“ಗೊತ್ತಿಲ್ಲ ಅನ್ಲಿಕ್ಕೆ ಡಾಕ್ಟರ್ ಯಾಕ ಬೇಕ್ರಿ? ನಮ್ಮ ಗಲ್ಲಿಯ ಇಸ್ತ್ರಿಯವನೂ ಹೇಳ್ತಾನ!”

ಮಂದಾಕಿನಿಗೆ ನಗು ತಡೆಯಲಾಗಲಿಲ್ಲ. ದತ್ತಾತ್ರೇಯನೂ ನಕ್ಕುಬಿಟ್ಟ. ಆ ನಗುವಿನಲ್ಲಿ ಅವನ ಹಟ ಕರಗಿತು.

“ಇರ್ಲಿ ಬಿಡ್ರಿ. ಏಳು ದಿನಕ್ಕ ಒಂದೇ ಅಲ್ಲ? ಅಷ್ಟರಿಂದ ಏನೂ ಆಗೂದಿಲ್ಲ.”

ಆ ಒಂದು ಮಾತು ಮುಂದೆ ಎಷ್ಟೋ ದಿನ ಅವನ ಎದೆಯಲ್ಲಿ ಮುಳ್ಳಾಗಿ ಆಡಲಿತ್ತು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಯ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಉಪವಾಸದ ದಿನ. ಸಂಜೆ ದೀಪ ಹಚ್ಚಿ, ಹಾಲು ನೈವೇದ್ಯ ಮಾಡಿ, ಮೊದಲ ಲೋಟ ಅಜ್ಜಿಯ ಕೈಗೆ ಕೊಟ್ಟ ಮೇಲೆಯೇ ಉಪವಾಸ ಬಿಡುವುದು. ವ್ರತದಲ್ಲಿ ಏನು ಬೇಡಿಕೊಂಡೆ, ಏನು ಸೇವೆ ಮಾಡಿದೆ ಎಂದು ಯಾರೂ ಬಾಯಿ ಬಿಡಬಾರದು. ಬಿಟ್ಟರೆ ಫಲ ಹೋಗುತ್ತದೆ. ಈ ಕಟ್ಟಳೆ ಅಜ್ಜಿಯದೇ.

ಮಂದಾಕಿನಿಯ ದಿನ ಗುರುವಾರ. ದೇವರ ಗೂಡಿನ ಪಕ್ಕದ ಡಬ್ಬಿಯಿಂದ ಪೊಟ್ಟಣ ತೆಗೆದು, ಬೆನ್ನು ತಿರುಗಿಸಿ ನಿಂತು, ಆ ಹಾಲಿನಲ್ಲಿ ಕಲಸುತ್ತಿದ್ದಳು. ‘ದೇವರೇ, ಈ ಜ್ವರದ ಕಾಲದಲ್ಲಿ ನಮ್ಮ ಅಜ್ಜಿಯನ್ನು ಉಳಿಸಿಕೊಡು...’ ಹಾಲುಗಲ್ಲದ ವಯಸ್ಸಿನಿಂದ ತನ್ನನ್ನು ಎತ್ತಿ ಆಡಿಸಿದ, ಪದ ಹೇಳಿ ಮಲಗಿಸಿದ ಜೀವ ಅದು. ಅದಿಲ್ಲದ ಮನೆಯನ್ನು ಅವಳು ಊಹಿಸಲಾರಳು.

ದತ್ತಾತ್ರೇಯ ಮತ್ತೆ ಬಂದ. ಮತ್ತೊಮ್ಮೆ ಬಂದ. ಮಂದಾಕಿನಿಗೆ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಟಪಾಲಿನ ಕೌಂಟರಿನ ಕೆಲಸ. ಅವನು ಬರುವ ದಿನ ಅರ್ಧ ರಜೆ ಹಾಕುವ ಹೊಸ ಚಾಳಿ ಅವಳಿಗೂ ಅಂಟಿತು.

“ಪೇಷಂಟ್ ಹೆಂಗದಾರ್ರಿ?” ಎಂದು ಬಾಗಿಲಲ್ಲೇ ಕೇಳುತ್ತಿದ್ದ.

“ಪೇಷಂಟ್ ಒಳಗದಾರ. ನೀವು ನನ್ನ ನೋಡಿ ಕೇಳ್ಲಿಕ್ಕತ್ತೀರಿ!”

“ನಿಮ್ಮ ಮುಖಾ ನೋಡಿದ್ರ ಅಜ್ಜಿ ರಿಪೋರ್ಟ್ ತಿಳೀತೈತಿ.”

ಹೀಗೆ ಮಾತಿನಲ್ಲಿ ಮಾತು ಬೆರೆಯುತ್ತಿದ್ದ ಆ ಮಧ್ಯಾಹ್ನಗಳಲ್ಲೇ ಅಜ್ಜಿ ಮನೆಯೊಳಗೆ ನಿಧಾನವಾಗಿ ಬೇರೆ ಎಲ್ಲಿಗೋ ಹೊರಟಿದ್ದರು.

ಮದುವೆಯಾದ ಹೊಸತರಿಂದ ಅಜ್ಜ ಅಜ್ಜಿಗೆ ಒಂದು ರೂಢಿ ಇತ್ತು. ಕುಳಿತು ಪದ ಹೇಳುವುದು. ಒಂದು ಸಾಲು ಅವರದು, ಒಂದು ಸಾಲು ಇವರದು. ಅಜ್ಜ ಹೋದ ಮೇಲೆ ಎರಡೂ ಸಾಲನ್ನು ಅಜ್ಜಿಯೇ ಹೇಳಿಕೊಳ್ಳುತ್ತಿದ್ದರು. ನವೆಂಬರಿನಿಂದ ಮತ್ತೆ ಹಳೆಯ ಹಾಗೆ ಶುರುವಾಯಿತು. ಒಂದು ಸಾಲು ಹೇಳಿ ಅಜ್ಜಿ ನಿಲ್ಲುವರು. ಕುರ್ಚಿಯ ಕಡೆ ಕಿವಿ ವಾಲಿಸುವರು. ಇನ್ನೊಂದು ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಹೊತ್ತು... ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಮಾತ್ರೆ ಕಡಿಮೆ ಇಲ್ಲ. ಆಮೇಲೆ ತಲೆದೂಗಿ ಮುಂದಿನ ತಮ್ಮ ಸಾಲು.

ಆ ತೆರಪಿನಲ್ಲಿ ಮನೆಯೆಲ್ಲ ಉಸಿರು ಹಿಡಿಯುತ್ತಿತ್ತು. ಹತ್ತಿರದ ಸ್ಟೇಷನ್ನಿನ ರೈಲಿನ ಕೂಗು ಕೂಡ ಅಲ್ಲಿಗೆ ಬರಲು ಅಂಜಿದಂತೆ ನಿಂತುಹೋಗುತ್ತಿತ್ತು. ಎಳೆತನದಿಂದ ಆ ಪದಗಳನ್ನು ಕೇಳಿಯೇ ಬೆಳೆದ ಮಂದಾಕಿನಿಗೆ, ಯಾರೂ ಹೇಳದ ಆ ಸಾಲು ಮೈಮೇಲೆ ತಣ್ಣನೆಯ ಕೈ ಆಡಿಸಿ ಹೋದಂತಾಗುತ್ತಿತ್ತು.

ಒಮ್ಮೆ ದತ್ತಾತ್ರೇಯ ಆ ಮೌನ ತಾಳಲಾರದೆ ಮೆಲ್ಲಗೆ “ಹೂಂ” ಅಂದುಬಿಟ್ಟ.

ಅಜ್ಜಿ ಸಾವಕಾಶ ಅವನ ಕಡೆ ತಿರುಗಿದರು. ಕಣ್ಣು ನೆಟ್ಟಗೆ, ರೆಪ್ಪೆ ಆಡದೆ.

“ಅದು ಅವರ ಧ್ವನಿ ಅಲ್ಲ.”

ಮಂದಾಕಿನಿ ತನಗರಿವಿಲ್ಲದೆ ದತ್ತಾತ್ರೇಯನ ತೋಳು ಹಿಡಿದಿದ್ದಳು. ಹಿಡಿದಿದ್ದು ಗೊತ್ತಾದ ಮೇಲೂ ಬಿಡಲಿಲ್ಲ.

ಇನ್ನು ನೀರು! ಬೆಳಿಗ್ಗೆ ತುಂಬಿಟ್ಟ ತಾಮ್ರದ ಕೊಡ ಮಧ್ಯಾಹ್ನಕ್ಕೆ ಖಾಲಿ. ಮತ್ತೆ ತುಂಬಿದರೆ ಸಂಜೆಗೆ ಖಾಲಿ. ಒಂದು ದಿನ ಮಂದಾಕಿನಿಯ ತಾಯಿ ಗೋದಾವರಿ ಚೀರಿ ಎಲ್ಲರನ್ನೂ ಕರೆದಳು. ಕಡಪಾಕಲ್ಲಿನ ನೆಲದ ಮೇಲೆ ಒದ್ದೆ ಹೆಜ್ಜೆಗಳು. ಕೊಡದಿಂದ ಹೊರಟು ಕುರ್ಚಿಯವರೆಗೆ. ಹೋದ ಹೆಜ್ಜೆ ಮಾತ್ರ ಇತ್ತು. ತಿರುಗಿ ಬಂದದ್ದು ಇರಲಿಲ್ಲ. ಅಜ್ಜಿ ಮೂಲೆಯ ಹಾಸಿಗೆಯಲ್ಲಿ ನಿದ್ದೆಯಲ್ಲಿದ್ದರು.

“ಅಪ್ಪಗ ನೀರಡಿಸ್ಯದ,” ಎಂದರು ರಾಯರು. “ಕರಕೊಂಡು ಹೋಗ್ಲಿಕ್ಕೆ ಬಂದಾರ.”

ಅದನ್ನು ಅಜ್ಜಿಯೇ ಬಾಯಿ ಬಿಟ್ಟು ಹೇಳಿದ್ದು ಸಂಕ್ರಾಂತಿಯ ಎಳ್ಳುಬೆಲ್ಲ ಕೊಡುವಾಗ.

“ನಾಳೆ ನಡುಹಗಲಿನ್ಯಾಗ ಕತ್ತಲಾಗ್ತದ, ಮಂದಾ. ಆವಾಗ ಹೋಗೋಣು ಅಂದಾರ.”

ಮರುದಿನ ಅಮಾವಾಸ್ಯೆ. ಸೂರ್ಯಗ್ರಹಣ!

ಹನ್ನೊಂದು ದಾಟಿದ ಮೇಲೆ ಗ್ರಹಣ ಹಿಡಿಯಿತು. ಗಲ್ಲಿಯಲ್ಲಿ ಅಂಗಡಿಗಳ ಶಟರು ಇಳಿದವು. ಹಿಂದಿನ ನೀರನ್ನೆಲ್ಲ ಚೆಲ್ಲಿ, ಕೊಡಗಳನ್ನು ಬೋರಲು ಹಾಕಿ, ಗೋದಾವರಿ ದೇವರ ಮುಂದೆ ಜಪಕ್ಕೆ ಕುಳಿತಿದ್ದಳು. ಹಿಂದಿನ ಸಂಜೆಯಿಂದ ಯಾರ ಬಾಯಿಗೂ ಏನೂ ಬಿದ್ದಿರಲಿಲ್ಲ. ಅಜ್ಜಿಯೇ ಹಟ ಹಿಡಿದಿದ್ದರು: ಹುಟ್ಟಿದಂದಿನಿಂದ ಗ್ರಹಣದಲ್ಲಿ ನೀರು ಮುಟ್ಟಿದವಳಲ್ಲ ನಾನು!

ಆದರೆ ಹನ್ನೆರಡೂವರೆಗೆ ಆ ಹಟ ಒಣಗಿ ಬಿರಿಯಿತು.

“ನೀರು... ಗೋದಾ, ಒಂದು ಗುಟುಕು...”

“ಇನ್ನ ಸ್ವಲ್ಪ ಹೊತ್ತು ಅತ್ಯಾ. ಬಿಟ್ಟ ಕೂಡ್ಲೇ ಕೊಡ್ತೀನಿ.” ಗೋದಾವರಿಯ ಕಣ್ಣಲ್ಲಿ ನೀರು ತುಂಬಿತ್ತು. ಕೊಡದಲ್ಲಿ ಇರಲಿಲ್ಲ.

ಹೊರಗೆ ಬಿಸಿಲು ಸೀಸದ ಬಣ್ಣಕ್ಕೆ ತಿರುಗಿತು. ಗವಾಕ್ಷಿಯ ಜಾಳಿಗೆಯಿಂದ ಇಳಿದ ಬೆಳಕಿನ ಚುಕ್ಕೆಗಳು ಒಂದೊಂದೂ ಕುಡುಗೋಲಿನ ಹಾಗೆ ಬಾಗಿ, ನೂರಾರು ಸಣ್ಣ ಕುಡುಗೋಲುಗಳು ನೆಲದ ಮೇಲೆ, ಕುರ್ಚಿಯ ಮೇಲೆ, ಅಜ್ಜಿಯ ಬಿಳಿ ಸೀರೆಯ ಮೇಲೆ ಹರಿದಾಡಿದವು.

ಅಜ್ಜಿ ಎದ್ದರು. ಎರಡು ತಿಂಗಳಿಂದ ಗೋಡೆ ಹಿಡಿದು ನಡೆಯುತ್ತಿದ್ದವರು ಯಾರ ಆಸರೆಯೂ ಇಲ್ಲದೆ ಹೋಗಿ ಆ ಕುರ್ಚಿಯಲ್ಲಿ ಕುಳಿತರು. ಪದ ತೆಗೆದರು. ಒಂದು ಸಾಲು. ಆಮೇಲೆ ಆ ತೆರಪು...

ಮಂದಾಕಿನಿ ಕಾದಳು. ಇಷ್ಟು ಹೊತ್ತಿಗೆ ಅಜ್ಜಿಯ ಸಾಲು ಬರಬೇಕು.

ಬರಲಿಲ್ಲ.

“ಅಜ್ಜೀ!”

ಕುತ್ತಿಗೆ ವಾಲಿತ್ತು. ಕಣ್ಣು ಅರೆತೆರೆದಿತ್ತು. ಮಂದಾಕಿನಿ ಮೊಬೈಲ್ ತೆಗೆದು ಆ ಒಂದೇ ನಂಬರ್ ಒತ್ತಿದಳು.

ಆಟೋ ಒಂದೂ ಇಲ್ಲದ ರಸ್ತೆಯಲ್ಲಿ ದತ್ತಾತ್ರೇಯ ಓಡಿಕೊಂಡೇ ಬಂದ. ಅಜ್ಜಿಯ ನಾಲಿಗೆ, ಚರ್ಮ, ಉಸಿರು ನೋಡಿದ. ಅವನ ಮುಖ ಬಿಳಿಚಿತು.

“ಈಗಿಂದೀಗ ಸಲಾಯಿನ್ ಏರಿಸಬೇಕು. ನಡೀರಿ!”

ರಾಯರು ಹೊಸ್ತಿಲಿಗೆ ಅಡ್ಡ ನಿಂತರು. “ಗ್ರಹಣ ಬಿಡೂ ತನಕಾ ದಾಟಿಸಬ್ಯಾಡ್ರಿ. ಕೈ ಮುಗೀತೀನಿ. ಆಕಿ ಹೇಳಿ ಹೊಂಟಾಳ... ಪುಣ್ಯವಂತಿ ಸಾವು ಅದು. ಸೂಜಿ ಚುಚ್ಚಿ ಕೆಡಸಬ್ಯಾಡ್ರಿ.”

“ಅಪ್ಪಾ!” ಮಂದಾಕಿನಿ ಎಂದೂ ತಂದೆಯ ಮುಂದೆ ಧ್ವನಿ ಏರಿಸಿದವಳಲ್ಲ. “ಅಜ್ಜಿ ಪದಾ ಅರ್ಧಕ್ಕ ನಿಂತದ. ಆಕಿ ಎಂದಾದ್ರೂ ಅರ್ಧಕ್ಕ ಬಿಟ್ಟು ಎದ್ದಾಳೇನು, ನೀವ ಹೇಳ್ರಿ! ಹೋಗೋ ಮನಸ್ಸಿದ್ದಾಕಿ ಪೂರಾ ಮಾಡಿ ಹೋಗ್ತಿದ್ಲು!”

ರಾಯರು ಹೊಸ್ತಿಲು ಬಿಟ್ಟು ಬಂದರು. ಅವರೇ ಬಗ್ಗಿ ಕುರ್ಚಿಯ ಒಂದು ಕಡೆ ಹಿಡಿದರು. ಇನ್ನೊಂದು ಕಡೆ ದತ್ತಾತ್ರೇಯ.

ಹಾಗೆ ಹೊರಟಿತು ಆ ಮೆರವಣಿಗೆ. ಹಗಲೂ ಅಲ್ಲದ ಇರುಳೂ ಅಲ್ಲದ ಬೆಳಕಿನಲ್ಲಿ, ನೆರಳುಗಳೆಲ್ಲ ಚೂಪಾಗಿ ನಿಂತ ಗಲ್ಲಿಯಲ್ಲಿ, ಅಜ್ಜನ ಕುರ್ಚಿಯ ಮೇಲೆ ಅಜ್ಜಿ. ಮುಚ್ಚಿದ ಕಿಟಕಿಗಳ ಸಂದಿಯಿಂದ ನೋಡಿದವರು ರಾಮ ರಾಮಾ ಎಂದರು. ಕುರ್ಚಿ ಹೊತ್ತವರಿಗೆ ಭಾರವೇ ಗೊತ್ತಾಗಲಿಲ್ಲ. ಇನ್ನೆರಡು ಕೈ ಎತ್ತಿ ಹಿಡಿದ ಹಾಗಿತ್ತು ಎಂದು ರಾಯರು ಆಮೇಲೆ ಹೇಳಿದರು.

ಸಂಜೆಗೆ ರಕ್ತದ ವರದಿ ಬಂತು. ಕ್ಯಾಲ್ಸಿಯಂ ಮಿತಿ ಮೀರಿ ಏರಿತ್ತು. ನೀರಡಿಕೆ, ಊಟ ಸೇರದ್ದು, ಇಲ್ಲದವರ ಜೊತೆ ಮಾತು... ಎಲ್ಲದಕ್ಕೂ ಅದೇ ಕಾರಣ. ಡಿ ವಿಟಮಿನ್ ಮೈಯಲ್ಲಿ ಅತಿಯಾಗಿ ಸೇರಿಹೋಗಿತ್ತು.

“ಏಳು ದಿನಕ್ಕ ಒಂದೇ ಪುಡಿಯಿಂದ ಇದು ಆಗೂದಿಲ್ಲ,” ಎಂದು ದತ್ತಾತ್ರೇಯ ತನಗೆ ತಾನೇ ಗೊಣಗಿಕೊಂಡ. ಎಲ್ಲೋ ಲೆಕ್ಕ ತಪ್ಪಿದೆ...

ಮರುದಿನ ಮಧ್ಯಾಹ್ನ ಅಜ್ಜಿಗೆ ಎಚ್ಚರ ಬಂತು. ದತ್ತಾತ್ರೇಯ ಅವರ ಹತ್ತಿರ ಒಬ್ಬನೇ ಕುಳಿತು ಬಹಳ ಹೊತ್ತು ಮಾತಾಡಿದ. ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಯಾಕ ಹಿಂಗಾತು? ನೀವು ಬರದಷ್ಟೇ ಕೊಟ್ಟೇವಲ್ರಿ,” ಎಂದರು ರಾಯರು. ಪಕ್ಕದಲ್ಲಿ ಗೋದಾವರಿ ಹೌದೆಂದು ತಲೆಯಾಡಿಸಿದಳು. ಮಂದಾಕಿನಿಯೂ. ಗುರುವಾರ ಗುರುವಾರ ಒಂದೇ ಒಂದು... ತನಗೆ ಗೊತ್ತಿಲ್ಲವೇ!

ದತ್ತಾತ್ರೇಯ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

“ತಪ್ಪು ನನ್ನದು,” ಎಂದ.

ಮಂದಾಕಿನಿ ಅವನನ್ನು ವರಾಂಡಕ್ಕೆ ಕರೆದಳು.

“ಜ್ವರಕ್ಕ ಇದು ಔಷಧ ಹೌದೋ ಅಲ್ಲೋ ಗೊತ್ತಿಲ್ಲ ಅಂದ್ರಿ. ಗೊತ್ತಿಲ್ಲದ್ದು ಗೊತ್ತು ಮಾಡಿ ನೋಡ್ಲಿಕ್ಕೆ ನಮ್ಮ ಅಜ್ಜೀನೇ ಬೇಕಿತ್ತೇನು?”

ಅವನು ಕೊರಳಿನ ಸ್ಟೆತಾಸ್ಕೋಪ್ ತೆಗೆದು ಕೈಯಲ್ಲಿ ಸುತ್ತಿಕೊಂಡ.

“ಹನ್ನೆರಡು ಸಲ ಬಂದ್ರಿ ನಮ್ಮ ಮನಿಗೆ! ನಾ ಎಷ್ಟು ನಂಬಿದ್ದೆ... ಅಲ್ಲ ಅಂತಾದ್ರೂ ಅನ್ರಿ!”

“ಏನ್ ಅನ್ಲಿ? ಬರದ ಕೈ ನನ್ನದ.”

ಅವಳು ಬೆನ್ನು ತಿರುಗಿಸಿ ನಡೆದಳು. ಕಣ್ಣೀರು ಅವನಿಗೆ ಕಾಣಬಾರದೆಂದು ಬೇಗ ಬೇಗ ನಡೆದಳು.

ಮೂರನೆಯ ದಿನ ರಾಯರು ನರ್ಸಿಂಗ್ ಹೋಮಿನ ಯಜಮಾನರಿಗೆ ಎರಡು ಪುಟದ ದೂರು ಬರೆದರು. ಕಾಗದ ರಿಜಿಸ್ಟರ್ ಟಪಾಲಿನಲ್ಲಿ ಹೋಯಿತು. ಕೌಂಟರಿನಲ್ಲಿ ಅದರ ಮೇಲೆ ಮೊಹರು ಒತ್ತಿದವಳು ಮಂದಾಕಿನಿ. ಒತ್ತುವಾಗ ಮೊಹರು ಎರಡೆರಡಾಗಿ ಬಿತ್ತು.

ಹತ್ತು ದಿನದಲ್ಲಿ ಅಜ್ಜಿ ಮನೆಗೆ ಬಂದರು. ನೀರಡಿಕೆ ಹೋಗಿತ್ತು, ಊಟ ಸೇರುತ್ತಿತ್ತು. ಮನೆ ಮಾತ್ರ ಹಿಂದೆಂದಿಗಿಂತ ಬಣಗುಟ್ಟುತ್ತಿತ್ತು.

“ಈಗ ಆ ಕಡಿಂದ ಏನೂ ಕೇಳಸೂದಿಲ್ಲ, ಮಂದಾ,” ಎಂದರು ಅಜ್ಜಿ ಒಂದು ಮಧ್ಯಾಹ್ನ. “ನನಗ ಏರಿಸಿದ ಸಲಾಯಿನ್ ಅವರಿಗೂ ಹತ್ತಿತೇನೋ. ಆರಾಮಾಗಿ ಹೊಂಟುಹೋದ್ರು.” ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಅಜ್ಜಿ, ಆ ಒದ್ದೆ ಹೆಜ್ಜಿ... ನೀನೇ ಅಲ್ಲೇನು, ನೀರು ತೊಗೊಂಡು ಕುರ್ಚಿಗೆ ಹೋಗ್ತಿದ್ದಾಕಿ?”

“ನಾನ? ಅವರ ಕುರ್ಚಿ ಹತ್ರ ನಾ ಯಾಕ ಹೋಗ್ಲೆವಾ? ಗ್ರಹಣದ ದಿನಾನೇ ಮೊದ್ಲು ಹೋದದ್ದು.”

ಮಂದಾಕಿನಿಯ ಬೆನ್ನಿನಲ್ಲಿ ಸಣ್ಣಗೆ ಚಳಿ ಹರಿಯಿತು. ಅದನ್ನು ಕೊಡವಿಕೊಳ್ಳಲು ಮಾತು ಬದಲಿಸಿದಳು.

“ಇನ್ನ ಗುರುವಾರದ ಹಾಲಿಗೆ ಬರೇ ಸಕ್ಕರಿ ಹಾಕ್ತೀನಿ, ಆಯ್ತಾ? ಆ ಹಾಳು ಪುಡಿ ಬ್ಯಾಡ.”

“ಅದೇನು, ಎಲ್ಲಾರ ಹಾಲೂ ಅದೇ ರುಚಿ ಇರ್ತಿತ್ತು,” ಎಂದರು ಅಜ್ಜಿ. ಬೆರಳು ಮಡಿಸುತ್ತ, ಪದ ಹೇಳುವ ಅದೇ ಲಯದಲ್ಲಿ ಹೇಳಿದರು: “ಸೋಮಾರದ್ದು ನಾನೇ ಹಾಕ್ಕೊಂಡು ಕುಡೀತಿದ್ದೆ. ಗುರುವಾರ ನೀ ಕೊಡ್ತಿದ್ದಿ. ಶುಕ್ರವಾರ ನಿಮ್ಮವ್ವ. ಶನಿವಾರ ನಮ್ಮ ಶೀನ. ನೈವೇದ್ಯದ ಹಾಲು, ಒಲ್ಲೆ ಅನ್ಲಿಕ್ಕೆ ಬರ್ತದೇನು?”

ಮಂದಾಕಿನಿ ತಾನೂ ಬೆರಳು ಮಡಿಸಿ ಎಣಿಸಿದಳು.

ನಾಲ್ಕು! ಏಳು ದಿನದಲ್ಲಿ ನಾಲ್ಕು... ಐದು ತಿಂಗಳು!

ಪ್ರತಿಯೊಬ್ಬರೂ ತಮ್ಮದೊಂದೇ ಎಂದುಕೊಂಡಿದ್ದರು. ಪ್ರತಿಯೊಬ್ಬರೂ ಬೆನ್ನು ತಿರುಗಿಸಿ ನಿಂತು ಕಲಸಿದ್ದರು. ಡಬ್ಬಿ ಬರಿದಾಗುತ್ತ ಬಂದರೆ ಅಪ್ಪ ಒಂದಿಷ್ಟು, ಅವ್ವ ಒಂದಿಷ್ಟು, ತಾನೊಂದಿಷ್ಟು ತಂದು ತುಂಬಿದ್ದರು. ಫಲ ಹೋದೀತೆಂದು ಯಾರೂ ಯಾರಿಗೂ ಹೇಳಿರಲಿಲ್ಲ!

“ಡಾಕ್ಟರೂ ಇದನ್ನೇ ಕೇಳಿದ್ರು, ದವಾಖಾನಿಯೊಳಗ,” ಎಂದರು ಅಜ್ಜಿ. “ಯಾರ ಮುಂದೂ ಹೇಳಬ್ಯಾಡ್ರಿ ಅಜ್ಜಿ ಅಂತ ಆಣಿ ಹಾಕಿಸಿಕೊಂಡ್ರು. ಅಯ್ಯ! ಹೇಳೇಬಿಟ್ಟೆ ನೋಡು.”

‘ಗೊತ್ತಿತ್ತು ಅವನಿಗೆ... ಎಲ್ಲ ಗೊತ್ತಿದ್ದೂ ಮೂವರ ಮುಖ ನೋಡಿ ತಪ್ಪು ನನ್ನದು ಅಂದ!’

ಮಂದಾಕಿನಿ ಚಪ್ಪಲಿ ಮೆಟ್ಟಿದ್ದೇ ನರ್ಸಿಂಗ್ ಹೋಮಿಗೆ ಓಡಿದಳು. ಅಲ್ಲಿ ಅವನ ಹೆಸರಿನ ಹಲಗೆ ಇರಲಿಲ್ಲ.

“ಆಯನ ಲೇರಮ್ಮಾ,” ಅವರು ಇಲ್ಲಮ್ಮ ಎಂದಳು ನರ್ಸ್, ತೆಲುಗಿನಲ್ಲಿ. ದೂರು ಬಂದ ದಿನವೇ ತೆಗೆದರಂತೆ. ಎಕ್ಸಿಬಿಷನ್ ಮೈದಾನದ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಈ ತಿಂಗಳಷ್ಟೇ ಕೂರುತ್ತಾನಂತೆ. ಆಮೇಲೆ ಊರಿಗೆ.

ಜನವರಿಯ ಎಕ್ಸಿಬಿಷನ್ ಆ ದಿನದ ಬಾಗಿಲು ಆಗಷ್ಟೇ ತೆರೆದಿತ್ತು. ಇಳಿಬಿಸಿಲಲ್ಲಿ ದೊಡ್ಡ ತಿರುಗುತೊಟ್ಟಿಲು ಒಬ್ಬರೂ ಕೂರದೆ ಸುಮ್ಮನೆ ತಿರುಗುತ್ತಿತ್ತು. ಸಾಲು ಸಾಲು ಮಳಿಗೆಗಳ ಕೊನೆಯಲ್ಲಿ ಬಿಳಿ ಡೇರೆ. ಒಳಗೆ ದತ್ತಾತ್ರೇಯ ಹತ್ತಿ ಸುರುಳಿ ಸುತ್ತುತ್ತ ಕುಳಿತಿದ್ದ. ಸೊರಗಿದ್ದ.

ಅವಳನ್ನು ಕಂಡವನೇ ಎದ್ದ. “ಅಜ್ಜಿ... ಅಜ್ಜಿ ಹೆಂಗದಾರ?”

“ಅಜ್ಜಿ ಆರಾಮ ಅದಾಳ. ಆಣಿ ಮುರಿದ್ಲು.”

ಅವನ ಕೈಯಿಂದ ಹತ್ತಿ ಜಾರಿತು.

“ಯಾಕ ಹೇಳಲಿಲ್ಲ ನೀವು?” ಅವಳು ಡೇರೆಯೊಳಗೆ ಬಂದಳು. “ನಾ ಅಷ್ಟು ಕೆಟ್ಟ ಮಾತಾಡಿದೆ... ನಿಮ್ಮ ಮ್ಯಾಲಿನ ಕಾಗದಕ್ಕ ನಾನೇ ಮೊಹರು ಒತ್ತಿದೆ. ಒಂದು ಮಾತು ಹೇಳಬಾರದಿತ್ತೇನು!”

“ಏನಂತ ಹೇಳ್ಲಿ? ಹೆತ್ತ ತಾಯಿಗೆ ನಿಮ್ಮ ಕೈಯಾರ ಕೊಟ್ರಿ ಅಂತ ನಿಮ್ಮಪ್ಪಾರಿಗೆ ಹೇಳ್ಲ್ಯಾ? ದೇವರ ಮುಂದ ಇಟ್ಟ ಹಾಲಿನಿಂದನೇ ಆತು ಅಂತ ನಿಮ್ಮವ್ವಾರಿಗೆ ಹೇಳ್ಲ್ಯಾ?” ಅವನು ಉಸಿರು ಎಳೆದುಕೊಂಡ. “ಮತ್ತ ನಾ ಸುಳ್ಳು ಹೇಳಿಲ್ಲ, ಮಂದಾಕಿನಿ. ತಪ್ಪು ನನ್ನದೂ ಐತಿ. ಭಾಳ ಐತಿ.”

“ನಿಮ್ಮದೇನು?”

“ಹನ್ನೆರಡು ಸಲ ಬಂದೆ ಅಂದ್ರಿ ಅಲ್ಲ... ನೀರಡಿಕಿ ನೋಡಿದ ದಿನಾನ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಆ ಮೌನದಾಗ ನಿಮ್ಮ ಬಾಜೂಕ ಕುಂತಾಗ ಇದು ರೋಗ ಅಂತ ಅನಿಸಲೇ ಇಲ್ಲ. ಅಜ್ಜಿನ್ನ ನೋಡಬೇಕಾದ ಕಣ್ಣು ನಿಮ್ಮನ್ನ ನೋಡಾಕತ್ತಿತ್ತು. ಇನ್ನೊಂದು ಸಲ ಬರಾಕ ಒಂದು ನೆವ ಸಿಕ್ರ ಸಾಕು ಅಂತ...”

ಡೇರೆಯ ಬಟ್ಟೆ ಗಾಳಿಗೆ ಉಬ್ಬಿ ಇಳಿಯಿತು. ಮಂದಾಕಿನಿ ಕಣ್ಣು ಮುಚ್ಚಿಕೊಂಡಳು. ಕೆನ್ನೆಯ ಮೇಲೆ ಬಿಸಿಯಾಗಿ ಹರಿಯುತ್ತಿತ್ತು.

“ನಾ ಯಾಕ ಅರ್ಧ ದಿನ ರಜಾ ಹಾಕ್ತಿದ್ದೆ ಅಂತ ಗೊತ್ತೇನು ನಿಮಗ?”

“...ಅಜ್ಜಿಗೋಸ್ಕರ.”

“ಜಾಣ ಡಾಕ್ಟರ್!” ಅಳುವಿನ ನಡುವೆಯೇ ಅವಳು ನಕ್ಕಳು. “ಇದಕ್ಕೂ ಪುರಾವೆ ಬೇಕೇನು?”

ಅವನು ಒಂದು ಹೆಜ್ಜೆ ಮುಂದೆ ಬಂದ. ನಿಂತ. ಅವಳ ಕೈ ಹಿಡಿಯಲು ಎತ್ತಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

“ಒಂದು ಬೇಡ್ತೀನಿ, ನಡಿಸಿಕೊಡ್ರಿ. ಈ ವಿಷಯ ನಿಮ್ಮನಿಯೊಳಗ ಹೇಳಬ್ಯಾಡ್ರಿ. ನಿಮ್ಮಪ್ಪಾರು ತಡಕೊಳ್ಳೂದಿಲ್ಲ. ಮತ್ತ ದೀಪ ಹಚ್ಚಾಕ ಅವರ ಕೈ ಏಳೂದಿಲ್ಲ. ತಪ್ಪು ನನ್ನ ಹೆಸರಿನ ಮ್ಯಾಲೇ ಇರ್ಲಿ. ನಾ ಹೆಂಗೂ ಊರಿಗೆ ಹೊಂಟೀನಿ.”

ಮಂದಾಕಿನಿ ತಂದೆಯನ್ನು ನೆನೆದಳು. ಶನಿವಾರದ ಸಂಜೆ ಲೋಟ ಹಿಡಿದು ತಾಯಿಯ ಮುಂದೆ ಬಾಗುವ ಆ ಬಿಳಿ ತಲೆ. ಈ ಮಾತು ಕೇಳಿದರೆ ಆ ತಲೆ ಇನ್ನಷ್ಟು ಬಾಗೀತು. ಆದರೆ ಯಾರೂ ಯಾರಿಗೂ ಹೇಳದೆ ಇದ್ದುದರಿಂದಲೇ ಅಲ್ಲವೇ ಅಜ್ಜಿ ಸಾವಿನ ಬಾಗಿಲಿಗೆ ಹೋದದ್ದು?

ಎದುರಿಗೆ ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಹೊರಟು ನಿಂತಿದ್ದ.

“ಆಗೂದಿಲ್ಲ,” ಎಂದಳು.

“ಮಂದಾಕಿನಿ...”

“ಇವತ್ತೇ ಹೇಳ್ತೀನಿ. ನನ್ನ ಗುರುವಾರದಿಂದ ಶುರು ಮಾಡಿ ಹೇಳ್ತೀನಿ. ಅಪ್ಪ ಅಳ್ತಾರ. ಅಳ್ಲಿ. ನೀವು ಬಾಜೂಕ ಇರ್ತೀರಿ, ನಾನೂ ಇರ್ತೀನಿ.”

“ಅವರ ಮುಖಾ ನೋಡೂ ಧೈರ್ಯ ನನಗಿಲ್ಲ. ನನ್ನನ್ನಾದ್ರೂ ಹೋಗಾಕ ಬಿಡ್ರಿ...”

ಅವಳು ಅವನ ಕೈ ಹಿಡಿದುಕೊಂಡಳು.

“ಬಿಡೂದಿಲ್ಲ.”